ನಾಳೆಯ ಕಥೆಯೂ ಸಂಭಾವನಾರ್ಥಕವೂ

ಪದವಿ ತರಗತಿಯಲ್ಲಿ ವ್ಯಾಕರಣ ಹೇಳುವಾಗ ಸಂಭಾವನಾರ್ಥಕ ಕ್ರಿಯಾಪದದ ಹೆಸರೆತ್ತಿದೊಡನೆ ಹಿಂದಿನ ಬೆಂಚಿನಲ್ಲಿ ನಗೆ ಏಳುವುದು ವಾಡಿಕೆ. ಇಂದಿನ ವಿದ್ಯಾರ್ಥಿಗಳ ಕಿವಿಗೆ ಸಂಭಾವನೆಯೆಂದರೆ ಭಾಷಣಕಾರರಿಗೋ ಪುರೋಹಿತರಿಗೋ ಸಲ್ಲುವ ಹಣ. ಕ್ರಿಯಾಪದಕ್ಕೆ ಯಾರು ಹಣ ಕೊಡುತ್ತಾರೆಂಬುದು ಆ ನಗೆಯ ಅರ್ಥ. ನಗೆ ಅಡಗಿದ ಮೇಲೆ ಉದಾಹರಣೆ ಕೊಡಬೇಕು. ಬಂದಾನು, ಬಂದಾಳು, ಬಂದೀತು. ಬರುವುದು ನಿಶ್ಚಯವಿಲ್ಲ, ಬಾರದೆಂದೂ ಹೇಳುವಂತಿಲ್ಲ, ಬರುವುದಕ್ಕೆ ಎಡೆಯುಂಟು. ಇಷ್ಟೂ ಅರ್ಥವನ್ನು ಕನ್ನಡವು ಇನ್ನೊಂದು ಪದದ ಹಂಗಿಲ್ಲದೆ, ಕ್ರಿಯಾಪದದ ತುದಿಯೊಂದನ್ನು ಮಾತ್ರ ತಿದ್ದಿ, ಹೇಳಿಬಿಡುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ತಾಯಂದಿರಿಗೆ ಈ ರೂಪವನ್ನು ಯಾರೂ ಕಲಿಸಬೇಕಾಗಿಲ್ಲ. ಮಾಳಿಗೆಯ ಅಂಚಿಗೆ ಓಡುವ ಮಗುವಿಗೆ ಅವರು "ಬಿದ್ದೀ, ಜ್ವಾಕಿ!" ಎನ್ನುತ್ತಾರೆ. ಬೀಳುವೆ ಎನ್ನುವುದಿಲ್ಲ, ಬೀಳಬಹುದಾದ ಸಾಧ್ಯತೆಗಳಿವೆ ಎಂದು ಕಚೇರಿಯ ಭಾಷೆಯನ್ನೂ ಆಡುವುದಿಲ್ಲ. ಆ ಎರಡಕ್ಷರದಲ್ಲಿ ಕೇಡಿನ ಕಲ್ಪನೆಯಿದೆ, ಆ ಕೇಡನ್ನು ತಪ್ಪಿಸಿಕೊಳ್ಳುವುದಕ್ಕೆ ಅವಕಾಶವಿದೆ, ಎರಡನ್ನೂ ಹಿಡಿದಿಟ್ಟ ಮಮತೆಯಿದೆ. ನಾಳೆಯನ್ನು ಕುರಿತು ಮನುಷ್ಯ ಆಡಬಹುದಾದ ಮಾತುಗಳಲ್ಲಿ ಇದಕ್ಕಿಂತ ವಿವೇಕದ ಮಾತು ಇನ್ನೊಂದಿರಲಾರದು.

2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀತೀರದ ಊರುಗಳಿಗೆ ನುಗ್ಗಿದ್ದಳಷ್ಟೆ. ನೀರಿಳಿದು ತರಗತಿಗಳು ತಿರುಗಿ ನೆಲೆಗೊಂಡ ಮೇಲೆ ಸಂಭಾವನಾರ್ಥಕದ ಪಾಠ ಬಂದಿತು. ಉದಾಹರಣೆ ಕೇಳಿದಾಗ ಮೊದಲು ಬಂದ ವಾಕ್ಯ "ಹೊಳಿ ಮತ್ತ ಬಂದೀತು" ಎಂಬುದು. ಆ ದಿನ ಯಾರೂ ನಗಲಿಲ್ಲ. ಪಾಠವನ್ನು ಅಲ್ಲಿಗೆ ನಿಲ್ಲಿಸಿ ಒಂದು ಬರವಣಿಗೆಯ ಕೆಲಸ ಕೊಟ್ಟೆ: ಇನ್ನು ಐವತ್ತು ವರ್ಷಗಳ ತರುವಾಯ ನಡೆಯಬಹುದಾದ ಕಥೆಯೊಂದನ್ನು ಬರೆದು ತನ್ನಿರಿ.

ಬಂದ ಕಥೆಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ನಡೆದಿದ್ದವು. ನಾಯಕರ ಹೆಸರು ಜಾನ್, ಡೇವಿಡ್; ಮುಗಿಲು ಮುಟ್ಟುವ ಮನೆಗಳು; ಹಾರುವ ಮೋಟಾರುಗಳು. ಒಬ್ಬ ಹುಡುಗ ಬಲು ಧೈರ್ಯ ಮಾಡಿ ಕಥೆಯನ್ನು ಬೆಂಗಳೂರಿನವರೆಗೆ ತಂದಿದ್ದ. ಇವರಲ್ಲಿ ಯಾರೊಬ್ಬರೂ ಅಮೆರಿಕ ಕಂಡವರಲ್ಲ. ಮುಕ್ಕಾಲು ಪಾಲು ಮಂದಿ ಭೀಮೆಯ ಅಥವಾ ಅಮರ್ಜೆಯ ನೀರು ಕುಡಿದು ಬೆಳೆದವರು. ನಿಮ್ಮೂರಿನಲ್ಲೇಕೆ ಕಥೆ ನಡೆಯಲಿಲ್ಲವೆಂದು ಕೇಳಿದೆ. "ನಮ್ಮೂರಾಗ ಮುಂದ ಏನ್ ಆಗ್ತದ್ರಿ ಸರ್? ಈಗ ಹ್ಯಾಂಗ ಅದನೋ ಹಂಗೇ ಇರ್ತದ" ಎಂದನೊಬ್ಬ. ಎರಡು ವಾರದ ಹಿಂದೆ ಅವನ ಊರಿನ ಅರ್ಧ ಭಾಗ ನೀರಿನಲ್ಲಿತ್ತು.

ಈ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಭವಿಷ್ಯವೆಂಬುದು ಇತರರಿಗೆ ಸಂಭವಿಸುವ ಸಂಗತಿ, ತಮಗೆ ಉಳಿದದ್ದು ವರ್ತಮಾನದ ಪುನರಾವೃತ್ತಿ ಮಾತ್ರ ಎಂದು ಹದಿನೆಂಟರ ತರುಣನು ನಂಬಿದರೆ ತಪ್ಪು ಅವನದಲ್ಲ. ಆ ನಂಬಿಕೆಯನ್ನು ಅಲುಗಿಸುವ ಸಾಹಿತ್ಯ ಅವನ ಕೈಗೆ ಸಿಕ್ಕಿಲ್ಲ. ಸಿಕ್ಕದ್ದಕ್ಕೆ ಸಾಹಿತ್ಯ ಬೋಧಿಸುವ ನಾವೂ ಉತ್ತರವಾದಿಗಳು. ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ವಿಪುಲವಾಗಿ ಬೆಳೆದು, ನಮ್ಮಲ್ಲಿ ಇನ್ನೂ ಬಡವಾಗಿಯೇ ಉಳಿದಿರುವ ವಿಜ್ಞಾನಕಥೆ ಮತ್ತು ಅದ್ಭುತಕಥೆಗಳ ವಿಷಯವಾಗಿ ನಾಲ್ಕು ಮಾತು ಹೇಳುವ ಪ್ರಸಂಗ ಒದಗಿದ್ದು ಹೀಗೆ.

ಮೊದಲಿಗೆ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ವಿಜ್ಞಾನಕಥೆಯೆಂದರೆ ಯಂತ್ರಗಳ ಕಥೆ, ಯಂತ್ರಗಳಿಲ್ಲದ ನಾಡಿಗೆ ಅದು ಸಲ್ಲದು ಎಂಬುದು ವಿದ್ಯಾವಂತರಲ್ಲಿಯೂ ಬೇರೂರಿರುವ ಅಭಿಪ್ರಾಯ. ಈ ಪ್ರಕಾರದ ಹುಟ್ಟನ್ನು ನೋಡಿದರೆ ಅದು ಯಂತ್ರಕ್ಕಿಂತ ಹೆಚ್ಚಾಗಿ ಹವೆಗೆ ಋಣಿಯೆಂದು ತೋರುತ್ತದೆ. 1815ರಲ್ಲಿ ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಮತ್ತು ಅನಿಲಗಳು ಆಕಾಶವನ್ನು ಕವಿದು 1816ರಲ್ಲಿ ಯುರೋಪಿಗೆ ಬೇಸಗೆಯೇ ಇಲ್ಲದಂತಾಯಿತು. ಬಿಡದೆ ಸುರಿದ ಮಳೆಯಿಂದಾಗಿ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಸಿಕ್ಕಿಕೊಂಡ ಗೆಳೆಯರು ಹೊತ್ತು ಕಳೆಯಲು ಭಯಾನಕ ಕಥೆಗಳ ಪಂದ್ಯ ಹೂಡಿದರು. ಅಲ್ಲಿ ಮೇರಿ ಶೆಲ್ಲಿ ಕಟ್ಟತೊಡಗಿದ 'ಫ್ರಾಂಕೆನ್‌ಸ್ಟೈನ್' 1818ರಲ್ಲಿ ಪ್ರಕಟವಾಯಿತು. ಬರೆಯಲು ತೊಡಗಿದಾಗ ಆಕೆಗೆ ಹದಿನೆಂಟು ವರ್ಷ, ನಮ್ಮ ಪದವಿ ತರಗತಿಯ ವಿದ್ಯಾರ್ಥಿನಿಯ ವಯಸ್ಸು. ಜೀವವನ್ನು ಸೃಷ್ಟಿಸಬಲ್ಲವನು ಆ ಜೀವದ ಹೊಣೆಯನ್ನು ಹೊರಲಾರದೆ ಓಡಿಹೋದರೆ ಏನಾದೀತು ಎಂಬುದು ಆ ಕಾದಂಬರಿಯ ಪ್ರಶ್ನೆ. "ಆದೀತು" ಎಂಬ ಆ ರೂಪವೇ ಅದರ ಪ್ರಾಣ.

ಅಲ್ಲಿಂದ ಮುಂದೆ ಇಂಗ್ಲಿಷಿನಲ್ಲಿ ಈ ಪ್ರಶ್ನೆ ನಾನಾ ವೇಷಗಳಲ್ಲಿ ಬಂದಿದೆ. ಎಚ್. ಜಿ. ವೆಲ್ಸನ 'ದ ಟೈಮ್ ಮಷೀನ್' (1895) ಕಾಲಯಾನದ ಕಥೆಯೆಂದು ಮಕ್ಕಳು ಓದುತ್ತಾರೆ. ಅದರ ಒಡಲಲ್ಲಿರುವುದು ದುಡಿಯುವವರೂ ಉಣ್ಣುವವರೂ ಬೇರೆಬೇರೆಯಾಗುತ್ತಲೇ ಹೋದರೆ ಕೊನೆಗೆ ಎರಡು ಪ್ರಾಣಿಜಾತಿಗಳೇ ಆದಾವು ಎಂಬ ಎಚ್ಚರಿಕೆ. ಇನ್ನು ಅದ್ಭುತಕಥೆಯ ಮಾತಿಗೆ ಬಂದರೆ, 1954-55ರಲ್ಲಿ ಮೂರು ಸಂಪುಟಗಳಾಗಿ ಬಂದ 'ದ ಲಾರ್ಡ್ ಆಫ್ ದ ರಿಂಗ್ಸ್' ಕೃತಿಯ ಕರ್ತೃ ಟೋಲ್ಕಿನ್ನನು ವೃತ್ತಿಯಿಂದ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕ. ಅವನು ಮೊದಲು ಭಾಷೆಗಳನ್ನು ಕಲ್ಪಿಸಿದ. ಆ ಭಾಷೆಗಳನ್ನಾಡುವ ಜನರಿಗಾಗಿ ನಾಡನ್ನು ಕಲ್ಪಿಸಿದ. ಹಳಗನ್ನಡ ಬೋಧಿಸುವ ನಮ್ಮಂಥವರು ಗಮನಿಸಬೇಕಾದ ಸಂಗತಿಯಿದು. ವ್ಯಾಕರಣದ ಮೇಷ್ಟರಿಗೂ ಅದ್ಭುತರಸಕ್ಕೂ ಹಗೆತನವೇನೂ ಇಲ್ಲ.

ಇಂಗ್ಲಿಷಿನವರ ಮಾತು ಬೇರೆ, ಅವರಲ್ಲಿ ಕಾರ್ಖಾನೆಯಿತ್ತು, ಸಾಮ್ರಾಜ್ಯವಿತ್ತು, ಆಮೇಲೆ ಚಂದ್ರನ ಮೇಲಿಳಿಯುವ ಸಾಮರ್ಥ್ಯವೂ ಬಂದಿತು. ನಾಳೆಯ ಕನಸು ಕಾಣಲು ಅವರಿಗೆ ಪುರುಸೊತ್ತಿತ್ತು, ನಮಗೆಲ್ಲಿದೆ? ಎಂದು ಯಾರಾದರೂ ಕೇಳಿಯಾರು. ಈ ಆಕ್ಷೇಪಣೆಗೆ ಸರಿಯಾದ ಉತ್ತರ ಸ್ಪ್ಯಾನಿಷ್ ಭಾಷೆಯಲ್ಲಿ, ಅದರಲ್ಲಿಯೂ ದಕ್ಷಿಣ ಅಮೆರಿಕದಲ್ಲಿ ದೊರೆಯುತ್ತದೆ. ಸಾಲ, ದಂಗೆ, ಸೈನಿಕ ಆಡಳಿತಗಳಿಂದ ಪದೇ ಪದೇ ಜರ್ಝರಿತವಾದ ಆರ್ಜೆಂಟೀನದಲ್ಲಿ 1940ರಲ್ಲಿ ಬೋರ್ಹೆಸ್, ಬಿಯೊಯ್ ಕಸಾರೆಸ್, ಸಿಲ್ವೀನಾ ಒಕಾಂಪೊ ಎಂಬ ಮೂವರು ಕೂಡಿ ಜಗತ್ತಿನ ಅದ್ಭುತಕಥೆಗಳ ಸಂಕಲನವೊಂದನ್ನು ಪ್ರಕಟಿಸಿದರು. ಬೋರ್ಹೆಸ್ ಆಗ ಬುಯೆನೊಸ್ ಐರಿಸ್ ನಗರದ ಪುರಸಭೆಯ ಗ್ರಂಥಾಲಯವೊಂದರಲ್ಲಿ ಸಣ್ಣ ನೌಕರಿಯಲ್ಲಿದ್ದ. ಮರುವರ್ಷ ಅವನು ಬರೆದ ಕಥೆಯಲ್ಲಿ ವಿಶ್ವವೆಲ್ಲ ಒಂದು ಗ್ರಂಥಾಲಯ. ಅಕ್ಷರಗಳನ್ನು ಹೇಗೆ ಜೋಡಿಸಿದರೂ ಆಗಬಹುದಾದ ಪುಸ್ತಕಗಳೆಲ್ಲ ಅಲ್ಲಿವೆ. ಆದುದರಿಂದ ಅರ್ಥವುಳ್ಳ ಪುಸ್ತಕವೊಂದನ್ನು ಹುಡುಕುವುದೇ ಅಲ್ಲಿ ಅಸಾಧ್ಯ. ಕೇಳಿದ್ದನ್ನೆಲ್ಲ ಯಂತ್ರವೇ ಬರೆದುಕೊಡುವ ಇಂದಿನ ದಿನಗಳಲ್ಲಿ, ಮಿಕ್ಕ ಮಾತಿನ ರಾಶಿಯ ನಡುವೆ ನಿಜವಾದ ಮಾತನ್ನು ಅರಸಿ ಬಳಲುವ ನಮಗೆ, ಆ ಕಥೆ ನಿನ್ನೆ ಮೊನ್ನೆ ಬರೆದಂತೆ ತೋರುತ್ತದೆ. ಅದನ್ನು ಬರೆಯಲು ಬೋರ್ಹೆಸನಿಗೆ ಬೇಕಾದದ್ದು ಪ್ರಯೋಗಶಾಲೆಯಲ್ಲ, ಪುಸ್ತಕದ ಕಪಾಟುಗಳು.

ಇದಕ್ಕಿಂತಲೂ ನಮ್ಮ ಮನಸ್ಸಿಗೆ ಹತ್ತಿರವಾದ ನಿದರ್ಶನ ಅದೇ ನಗರದ ಇನ್ನೊಂದು ಕೃತಿ. 1957ರ ಸೆಪ್ಟೆಂಬರಿನಲ್ಲಿ ಓಸ್ತರ್‌ಹೆಲ್ಡ್ ಎಂಬ ಲೇಖಕನೂ ಸೊಲಾನೊ ಲೋಪೆಸ್ ಎಂಬ ಚಿತ್ರಕಾರನೂ ಕೂಡಿ ವಾರಪತ್ರಿಕೆಯೊಂದರಲ್ಲಿ 'ಎಲ್ ಎತೆರ್‌ನೌತಾ' ಎಂಬ ಚಿತ್ರಕಥೆಯನ್ನು ಆರಂಭಿಸಿದರು. ಬುಯೆನೊಸ್ ಐರಿಸಿನ ಬಡಾವಣೆಯ ಮನೆಯೊಂದರಲ್ಲಿ ಗೆಳೆಯರು ಇಸ್ಪೀಟು ಆಡುತ್ತ ಕುಳಿತಿದ್ದಾರೆ. ಹೊರಗೆ ಹಿಮ ಬೀಳತೊಡಗುತ್ತದೆ. ಆ ಹಿಮ ಸೋಕಿದವರೆಲ್ಲ ಅಲ್ಲಲ್ಲೇ ಸಾಯುತ್ತಾರೆ. ಬದುಕುಳಿದವರು ಮನೆಯಲ್ಲಿದ್ದ ಸಾಮಾನುಗಳಿಂದಲೇ ಮೈಮುಚ್ಚುವ ಉಡುಪು ಹೊಲಿದುಕೊಂಡು, ಒಬ್ಬರಿಗೊಬ್ಬರು ನೆರವಾಗಿ ನಿಲ್ಲುತ್ತಾರೆ. ಕಾದಾಟ ನಡೆಯುವುದು ಆ ಊರಿನವರು ದಿನವೂ ಕಾಣುವ ಬೀದಿಗಳಲ್ಲಿ, ಅವರು ಭಾನುವಾರ ಆಟ ನೋಡಲು ಹೋಗುವ ಮೈದಾನದಲ್ಲಿ. ಅಲ್ಲಿ ಏಕಾಂಗಿ ವೀರನಿಲ್ಲ, ನೆರೆಹೊರೆಯೇ ನಾಯಕ.

ಆ ಲೇಖಕನ ಅಂತ್ಯ ದಾರುಣವಾದದ್ದು. ಸೈನಿಕ ಸರ್ವಾಧಿಕಾರವಿದ್ದ 1977ರಲ್ಲಿ ಅವನನ್ನು ಹಿಡಿದೊಯ್ದರು; ಮತ್ತೆ ಅವನು ಹಿಂದಿರುಗಲಿಲ್ಲ. ಅವನ ನಾಲ್ವರು ಹೆಣ್ಣುಮಕ್ಕಳೂ ಆ ಕರಾಳ ವರ್ಷಗಳಿಗೆ ಬಲಿಯಾದರು. ಬಾಲಕರ ಓದಿಗೆಂದು ತಳ್ಳಿಹಾಕುವ ಚಿತ್ರಕಥೆಯನ್ನು ಬರೆದವನಿಗೆ ಒದಗಿದ ಗತಿಯಿದು. 2025ರ ಏಪ್ರಿಲ್ ಕೊನೆಯಲ್ಲಿ ಈ ಕಥೆ ನೆಟ್‌ಫ್ಲಿಕ್ಸ್‌ನಲ್ಲಿ ಧಾರಾವಾಹಿಯಾಗಿ ಬಂದು ಲೋಕವೆಲ್ಲ ಅದನ್ನು ನೋಡಿತು. ಅರವತ್ತೆಂಟು ವರ್ಷಗಳ ಹಿಂದೆ ತನ್ನೂರಿನ ಬಡಾವಣೆಯನ್ನೇ ರಂಗಸ್ಥಳವಾಗಿ ಆರಿಸಿಕೊಂಡ ಕೃತಿ ಇಂದು ಯಾವ ದೇಶದವನಿಗೂ ಅರ್ಥವಾಗುತ್ತಿದೆ. ಅಮೆರಿಕದ ಜಾನನನ್ನು ನಾಯಕನನ್ನಾಗಿ ಮಾಡಿಕೊಂಡಿದ್ದರೆ ಅದು ಎಂದೋ ಮರೆತುಹೋಗುತ್ತಿತ್ತು.

ಸ್ಪ್ಯಾನಿಷಿನ ಮತ್ತೊಂದು ಪುಸ್ತಕದ ಹೆಸರು ಕನ್ನಡಿಗರನ್ನು ಕ್ಷಣಕಾಲ ನಿಲ್ಲಿಸುವಂಥದು. ಆಂಹೆಲಿಕಾ ಗೊರೊದಿಶೆರ್ ಎಂಬಾಕೆ 1983-84ರಲ್ಲಿ, ಅಂದರೆ ಅಲ್ಲಿ ಸೈನಿಕ ಆಡಳಿತ ಮುಗಿಯುತ್ತಿದ್ದ ಹೊತ್ತಿನಲ್ಲಿ, ಎಂದೂ ಇಲ್ಲದ ಮಹಾಸಾಮ್ರಾಜ್ಯವೊಂದರ ಏಳುಬೀಳುಗಳ ಕಥೆಗಳನ್ನು ಪ್ರಕಟಿಸಿದಳು. ಅದಕ್ಕಿಟ್ಟ ಹೆಸರು 'ಕಲ್ಪ ಇಂಪೀರಿಯಲ್'. ಯುಗ, ಮನ್ವಂತರ, ಕಲ್ಪವೆಂದು ನಾವು ಪಂಚಾಂಗದಲ್ಲಿ ಓದಿ ಮರೆಯುವ ಆ ಕಲ್ಪವೇ ಅದು. 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದವಳು ಸ್ವತಃ ಆ ಭಾಷೆಯ ಅಗ್ರಗಣ್ಯ ವಿಜ್ಞಾನಕಥಾಲೇಖಕಿಯಾದ ಅರ್ಸುಲಾ ಲೆ ಗ್ವಿನ್. ನಮ್ಮ ಪದ ಆರ್ಜೆಂಟೀನಕ್ಕೆ ಹೋಗಿ ಕಥೆಯಾಯಿತು, ಅಲ್ಲಿಂದ ಅಮೆರಿಕಕ್ಕೆ ಹೋಗಿ ಮತ್ತೊಮ್ಮೆ ಕಥೆಯಾಯಿತು. ನಮ್ಮಲ್ಲಿ ಮಾತ್ರ ಅದು ಸಂಕಲ್ಪದ ಮಂತ್ರದೊಳಗೆ ಉಳಿದುಕೊಂಡಿದೆ.

ಹಾಗೆಂದು ನಮ್ಮ ಹಗೇವು ಬರಿದೆಂದು ಭಾವಿಸಬೇಕಾಗಿಲ್ಲ. ಗಣಿತಕ್ಕೂ ಕಲ್ಪನೆಗೂ ನಂಟು ಬೆಳೆಸಿದ ನೆಲವಿದು. ಇಂದು ಸೇಡಂ ತಾಲ್ಲೂಕಿಗೆ ಸೇರಿದ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದ ನಡುವಿನಲ್ಲಿ, 'ಕವಿರಾಜಮಾರ್ಗ'ವಾದಂತೆ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವೂ ಆಯಿತು. ಸಂಸ್ಕೃತದ ಆ ಗ್ರಂಥದಲ್ಲಿ ಲೆಕ್ಕಗಳು ಪದ್ಯಗಳಾಗಿವೆ, ಪದ್ಯಗಳು ಪುಟ್ಟ ಕಥೆಗಳಾಗಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸಿದ. ಶಾಸ್ತ್ರಕ್ಕೂ ಕಾವ್ಯಕ್ಕೂ ನಡುವೆ ಇಂದು ನಾವು ಕಟ್ಟಿರುವ ಗೋಡೆ ಆ ಹಿರಿಯರಿಗೆ ಗೊತ್ತಿರಲಿಲ್ಲ.

ಅದ್ಭುತರಸದ ಮಾತಂತೂ ಹೇಳಬೇಕಾದದ್ದೇ ಇಲ್ಲ. ಅಲ್ಲಮನ ಬೆಡಗಿನ ವಚನಗಳಲ್ಲಿ ಲೋಕದ ನಿಯಮಗಳೆಲ್ಲ ತಲೆಕೆಳಗಾಗುತ್ತವೆ. ಆ ಬೆಡಗು ನಮ್ಮ ಸೀಮೆಯ ತತ್ತ್ವಪದಗಳಲ್ಲಿ ಇಂದಿಗೂ ಹರಿಯುತ್ತಿದೆ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದ ಮಡಿವಾಳಪ್ಪನವರ ಪದಗಳನ್ನೂ ಅವರ ಶಿಷ್ಯಪರಂಪರೆಗೆ ಸೇರಿದ ಚೆನ್ನೂರ ಜಲಾಲ ಸಾಹೇಬರ ಪದಗಳನ್ನೂ ಏಕತಾರಿ ಹಿಡಿದು ರಾತ್ರಿಯೆಲ್ಲ ಹಾಡುವ ಅಕ್ಷರವಿಲ್ಲದ ಮುದುಕರಿಗೆ, ಅಸಾಧ್ಯವಾದುದನ್ನು ಹೇಳಿ ಸತ್ಯವಾದುದನ್ನು ತೋರಿಸುವ ಉಪಾಯ ಕರಗತವಾಗಿದೆ. ಇಂಥ ಶ್ರೋತೃಗಳಿರುವ ನಾಡಿನಲ್ಲಿ ಅದ್ಭುತಕಥೆ ಜನಕ್ಕೆ ತಿಳಿಯದೆಂದು ಹೇಳುವುದು ಅಲ್ಪಜ್ಞಾನದ ಮಾತು.

ಭವಿಷ್ಯದ ಸಾಹಿತ್ಯವೂ ನಮ್ಮಲ್ಲುಂಟು. ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಕೊಡೇಕಲ್ಲಿನ ಬಸವಣ್ಣನ ಕಾಲಜ್ಞಾನವನ್ನು ನಮ್ಮ ಹಳ್ಳಿಗಳ ಹಿರಿಯರು ಇಂದಿಗೂ ನೆನೆಯುತ್ತಾರೆ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ವಾಕ್ಯದ ಕಾರಣಿಕಕ್ಕೆ ನಾಡೆಲ್ಲ ಕಿವಿಗೊಡುತ್ತದೆ. ನಾಳೆಯ ಚಿಂತೆ ನಮಗೆ ಹೊಸದಲ್ಲ. ಅದನ್ನು ಆಡಿತೋರಿಸುವ ಕಲೆಯೂ ಹೊಸದಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕಾಲಜ್ಞಾನದ ಭಾಷೆ ನಿಶ್ಚಯದ ಭಾಷೆ. ಹೀಗಾಗುವುದು ಎಂದು ಅದು ಸಾರುತ್ತದೆ. ಕೇಳಿದವನಿಗೆ ಉಳಿಯುವುದು ಎರಡೇ ಕೆಲಸ: ನಂಬುವುದು, ಕಾಯುವುದು. ವಿಜ್ಞಾನಕಥೆಯ ಭಾಷೆ ಸಂಭಾವನಾರ್ಥಕ. ಹೀಗಾದೀತು ಎಂದು ಅದು ಹೇಳುತ್ತದೆ. ಕೇಳಿದವನಿಗೆ ಆಗ ಮೂರನೆಯದೊಂದು ಕೆಲಸ ಉಳಿಯುತ್ತದೆ. ಮಾಳಿಗೆಯಂಚಿನ ಮಗು ಹಿಂದಕ್ಕೆ ಹೆಜ್ಜೆಯಿಡುವಂತೆ, ಅವನು ತನ್ನ ನಡೆಯನ್ನು ತಿದ್ದಿಕೊಳ್ಳಬಹುದು.

ಈಚಿನ ವರ್ಷಗಳಲ್ಲಿ ಮೂರನೆಯ ಬಗೆಯೊಂದು ಕೇಳಿಬರುತ್ತಿದೆ. ಪುಷ್ಪಕವಿಮಾನವು ನಿಜವಾದ ವಿಮಾನವೇ, ಮಹಾಭಾರತದ ಅಸ್ತ್ರಗಳು ಅಣ್ವಸ್ತ್ರಗಳೇ ಎಂದು ವೇದಿಕೆಗಳಲ್ಲಿ ವಾದಿಸುವವರಿದ್ದಾರೆ. ಇದು ಸಾಧ್ಯತೆಯನ್ನು ಭೂತಕಾಲಕ್ಕೆ ತಳ್ಳಿ ನಿಶ್ಚಯಾರ್ಥದಲ್ಲಿ ಹೇಳುವ ಪರಿ. ವಾಲ್ಮೀಕಿಯ ಕಲ್ಪನೆಯನ್ನು ಕಾರ್ಖಾನೆಯ ವರದಿಯಾಗಿಸಿದರೆ ಗೌರವ ಹೆಚ್ಚುವುದಿಲ್ಲ. ಕಲ್ಪನೆಯೂ ಕೆಡುತ್ತದೆ, ವಿಜ್ಞಾನವೂ ಕೆಡುತ್ತದೆ. ವಿದ್ಯಾರ್ಥಿಗಳಿಗೆ ಒಳ್ಳೆಯ ಅದ್ಭುತಕಥೆಯ ರುಚಿ ಹತ್ತಿಸುವುದು ಈ ರೋಗಕ್ಕೂ ಮದ್ದಾದೀತೆಂದು ನನ್ನ ನಂಬಿಕೆ. ಕಥೆಯನ್ನು ಕಥೆಯೆಂದು ಸವಿಯಬಲ್ಲವನು ಅದನ್ನು ಚರಿತ್ರೆಯೆಂದು ಒಪ್ಪಲು ತವಕಪಡುವುದಿಲ್ಲ.

ಹೊಸಗನ್ನಡದಲ್ಲಿ ಈ ದಿಸೆಯ ಪ್ರಯತ್ನಗಳಾಗಿಲ್ಲವೆಂದಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿ ಶಾಸ್ತ್ರವಿಷಯಕ್ಕೆ ಕನ್ನಡ ಸಾಲದೆಂಬ ಅಪವಾದವನ್ನು ಕಳೆದರು. ಶಿವರಾಮ ಕಾರಂತರು ಮಕ್ಕಳಿಗೆ 'ಬಾಲಪ್ರಪಂಚ'ವನ್ನು ಕಟ್ಟಿಕೊಟ್ಟರು. ರಾಜಶೇಖರ ಭೂಸನೂರಮಠರು 'ಆಪರೇಷನ್ ಯು.ಎಫ್.ಓ.' ಮೊದಲಾದ ಕಾದಂಬರಿಗಳಲ್ಲಿ ವಿಜ್ಞಾನಕಥೆಗೆಂದೇ ತಮ್ಮ ಲೇಖನಿಯನ್ನು ಮೀಸಲಿಟ್ಟರು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದಾಗ, ಹಾರುವ ಓತಿಯನ್ನರಸುವ ವಿಜ್ಞಾನಿಯ ಪಕ್ಕದಲ್ಲಿ ಜೇನು ಹಿಡಿಯುವ ಮಂದಣ್ಣ ನಿಂತ. ಕಾಲದ ಅಗಾಧತೆಯನ್ನು ಕಾಣಲು ಮೂಡಿಗೆರೆಯ ಕಾಡು ಸಾಕೆಂದು ಆ ಕಾದಂಬರಿ ತೋರಿಸಿಕೊಟ್ಟಿತು. ಚಂದ್ರಶೇಖರ ಕಂಬಾರರ ಶಿವಾಪುರ, ಗಾರ್ಸಿಯಾ ಮಾರ್ಕೆಸ್ 1967ರ ತನ್ನ ಕಾದಂಬರಿಯಲ್ಲಿ ಕಟ್ಟಿದ ಮಕೊಂದೊ ಊರಿನಂತೆ, ಭೂಪಟದಲ್ಲಿಲ್ಲದೆ ಓದುಗರ ಮನಸ್ಸಿನಲ್ಲಿ ನೆಲಸಿರುವ ಊರು. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಮನೆಮನೆಯ ದೀಪಗಳು ಜೋತಮ್ಮಗಳಾಗಿ ಕೂಡಿ ತಂತಮ್ಮ ಮನೆಗಳ ಸುಖದುಃಖ ಮಾತಾಡಿಕೊಳ್ಳುತ್ತವೆ. ಇವು ಯಾವ ಭಾಷೆಯ ಮುಂದೆಯೂ ತಲೆಯೆತ್ತಿ ನಿಲ್ಲಬಲ್ಲ ಕೃತಿಗಳು.

ಆದರೂ ಶಿಖರಗಳ ನಡುವೆ ಬಯಲು ಬಹಳ. ಅದಕ್ಕೆ ಕಾರಣಗಳೂ ಇವೆ. ನವ್ಯರು ವ್ಯಕ್ತಿಯ ಒಳಗನ್ನು ಶೋಧಿಸಿದರು. ದಲಿತ ಬಂಡಾಯದವರು ಇರುವ ಲೋಕದ ಅನ್ಯಾಯಕ್ಕೆ ಸಾಕ್ಷಿ ನುಡಿದರು. ಹಸಿದವನ ಮುಂದೆ ಚಂದ್ರಲೋಕದ ಕಥೆ ಹೇಳುವುದು ಪಲಾಯನವೆಂಬ ಸಂಕೋಚ ನಮ್ಮ ಗಂಭೀರ ಲೇಖಕರನ್ನು ತಡೆದಿದೆ. ಆ ಸಂಕೋಚ ಗೌರವಾರ್ಹವಾದುದು. ಆದರೆ ಸಾಕ್ಷಿ ನುಡಿಯುವುದಕ್ಕೂ ಅದ್ಭುತಕ್ಕೂ ವಿರೋಧವಿಲ್ಲವೆಂಬುದಕ್ಕೆ ಜೋತಮ್ಮಗಳೇ ಸಾಕ್ಷಿ. ಮಕೊಂದೊ ಇನ್ನೊಂದು ಸಾಕ್ಷಿ. 1928ರಲ್ಲಿ ಕೊಲಂಬಿಯದಲ್ಲಿ ಬಾಳೆತೋಟದ ಕೂಲಿಗಳ ಮೇಲೆ ಸೈನ್ಯ ಗುಂಡು ಹಾರಿಸಿದ ಸಂಗತಿಯನ್ನು, ಅಂಥದೇನೂ ನಡೆಯಲೇ ಇಲ್ಲವೆಂದು ಊರಿಗೆ ಊರೇ ನಂಬುವ ಅದ್ಭುತವಾಗಿ ಮಾರ್ಕೆಸ್ ಚಿತ್ರಿಸಿದ. ಮರೆವಿನ ಆ ಭೀಕರತೆಯನ್ನು ಬರಿಯ ವರದಿ ಹಾಗೆ ತೋರಿಸಲಾರದು.

ಈಗ ನಮ್ಮ ಮೂರು ತಾಲ್ಲೂಕುಗಳ ಕಡೆ ತಿರುಗೋಣ. ಭೀಮೆ ನಮ್ಮ ಪಾಲಿಗೆ ಕೇವಲ ನದಿಯಲ್ಲ, ಇನ್ನೊಂದು ರಾಜ್ಯದಲ್ಲಿ ಆಗುವ ತೀರ್ಮಾನ. ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಲ್ಲಿ ಸುಮಾರು 117 ಟಿಎಂಸಿ ನೀರು ನಿಲ್ಲುತ್ತದೆ. 2020ರ ಅಕ್ಟೋಬರಿನಲ್ಲಿಯೂ 2025ರ ಸೆಪ್ಟೆಂಬರಿನಲ್ಲಿಯೂ ಮೇಲಿನಿಂದ ಬಂದ ನೀರು ನಮ್ಮ ಬೆಳೆಯನ್ನು ಮುಳುಗಿಸಿತು. ನಡುವೆ 2023ರ ಬರದ ಮರುಬೇಸಗೆಯಲ್ಲಿ ಅದೇ ನದಿಗೆ ನೀರು ಬಿಡಿಸಿರೆಂದು ಅಫಜಲಪುರದ ಜನ ಧರಣಿ ಕುಳಿತರು. ಐದು ವರ್ಷಗಳೊಳಗೆ ಒಂದೇ ಪಾತ್ರದಲ್ಲಿ ಪ್ರಳಯವೂ ಮರುಭೂಮಿಯೂ! ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆ ನಮ್ಮದು. 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2022-23ರಲ್ಲಿ ನೆಟೆರೋಗ ಬಂದು ನಿಂತ ಬೆಳೆ ನಿಂತಲ್ಲೇ ಒಣಗಿತು. ಮುಂದೆ ಏನೂ ಆಗದ ಊರು ಎಂದು ನನ್ನ ವಿದ್ಯಾರ್ಥಿ ಹೇಳಿದ್ದು ಇಂಥ ಊರನ್ನು ಕುರಿತು.

ಈ ನಾಳೆಯ ಕುರಿತು ಬರೆಯುವವರಿಲ್ಲವೆಂದಲ್ಲ. ಎಂಜಿನಿಯರರ ವರದಿಗಳಿವೆ, ಹವಾಮಾನತಜ್ಞರ ಅಂದಾಜುಗಳಿವೆ, ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಅಂಕಿಗಳ ಹಂಗಿಲ್ಲದೆ ಬದುಕುವ ಮನುಷ್ಯನಿಗೆ ತನ್ನ ಮನೆಯ ಮೂರನೆಯ ತಲೆಮಾರು ಹೇಗಿದ್ದೀತೆಂದು ಅವನ ಭಾಷೆಯಲ್ಲಿ ಕಾಣಿಸುವುದು ಕಥೆಯೊಂದೇ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದಾಗ ಅದನ್ನು ನಿಯಂತ್ರಿಸಿದ ಕೇಂದ್ರ ಇದ್ದದ್ದು ಬೆಂಗಳೂರಿನಲ್ಲಿ. ನೌಕೆ ಕನ್ನಡನಾಡಿನಿಂದ ಚಂದ್ರನನ್ನು ಮುಟ್ಟಿದೆ, ಕನ್ನಡದ ಕಥೆ ಇನ್ನೂ ಅಂಗಳದಲ್ಲಿ ನಿಂತು ಮಗುವಿಗೆ ಚಂದಮಾಮನನ್ನು ತೋರಿಸುತ್ತಿದೆ.

ಮಾಡಬೇಕಾದದ್ದೇನು ಎಂಬುದಕ್ಕೆ ಬಹುದೂರ ಹೋಗಬೇಕಾಗಿಲ್ಲ. ಆಳಂದದಿಂದ ಗಡಿ ದಾಟಿದರೆ ಮರಾಠಿ. ಅಲ್ಲಿ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನಕಥೆಗಳ ಸ್ಪರ್ಧೆ ನಡೆಸುತ್ತಿತ್ತು. 1974ರಲ್ಲಿ ಅದಕ್ಕೆ ಕೃಷ್ಣವಿವರವನ್ನು, ಅಂದರೆ ಬೆಳಕನ್ನೂ ನುಂಗುವ ಕಪ್ಪುಕುಳಿಯನ್ನು ಕುರಿತ ಕಥೆಯೊಂದು ಬಂದು ಬಹುಮಾನ ಪಡೆಯಿತು. ಬರೆದವರು ಜಗದ್ವಿಖ್ಯಾತ ಖಗೋಳವಿಜ್ಞಾನಿ ಜಯಂತ ನಾರಳೀಕರರು; ತಮ್ಮ ಹೆಸರಿಗೆ ಬಹುಮಾನ ಸಲ್ಲದಿರಲೆಂದು ಗುಪ್ತನಾಮದಿಂದ ಕಳುಹಿಸಿದ್ದರು. 2025ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅವರು ಮರಾಠಿಯನ್ನು ಬಿಡಲಿಲ್ಲ. ಒಂದು ಸ್ಪರ್ಧೆ ಒಬ್ಬ ವಿಜ್ಞಾನಿಯನ್ನು ಕಥೆಗಾರನನ್ನಾಗಿ ಮಾಡಿತು. ನಮ್ಮ ತಾಲ್ಲೂಕು ಸಾಹಿತ್ಯ ಸಮ್ಮೇಳನಗಳಲ್ಲಿ ಹಾರತುರಾಯಿಗಳ ವೆಚ್ಚದಲ್ಲಿ ಒಂದು ಪಾಲನ್ನು ಇಂಥ ಸ್ಪರ್ಧೆಗೆ ತೆಗೆದಿಡಬಾರದೆ? 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ಇದೆ. ಭೌತವಿಜ್ಞಾನದ ಅಧ್ಯಾಪಕರೂ ಭಾಷೆಯ ಅಧ್ಯಾಪಕರೂ ಸುತ್ತಲಿನ ಕಾಲೇಜುಗಳ ಹುಡುಗರೊಡನೆ ವರ್ಷಕ್ಕೊಂದು ದಿನ ಕಥೆಯ ಮುಂದೆ ಕುಳಿತರೆ ಯಾರ ಅಧಿಕಾರವೂ ಕುಂದುವುದಿಲ್ಲ. ಸ್ಪ್ಯಾನಿಷ್ ಕೃತಿಗಳು ಇಂಗ್ಲಿಷಿನ ಜರಡಿಯಿಲ್ಲದೆ ನೇರವಾಗಿ ಕನ್ನಡಕ್ಕೆ ಬರುವಂತೆ ನಾಲ್ವರು ತರುಣರಿಗಾದರೂ ಆ ಭಾಷೆಯನ್ನು ಕಲಿಸುವುದು ದೊಡ್ಡ ವೆಚ್ಚದ ಮಾತಲ್ಲ.

ಕೊನೆಯದಾಗಿ, ನನ್ನ ತರಗತಿಯ ಬರವಣಿಗೆಗಳಲ್ಲಿ ಅಮೆರಿಕಕ್ಕೆ ಹೋಗದ ಒಂದೇ ಒಂದು ಕಥೆಯಿತ್ತು. ಅಫಜಲಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳದು, ಎರಡೂವರೆ ಪುಟ. ಆ ಕಥೆಯ ಕಾಲಕ್ಕೆ ಹೊಳೆಯ ನೀರನ್ನು ಗಳಿಗೆಯ ಲೆಕ್ಕದಲ್ಲಿ ಹಂಚಲಾಗಿದೆ. ಪಹಣಿಯಲ್ಲಿ ಹೊಲದ ಎಕರೆ, ಗುಂಟೆಗಳ ಪಕ್ಕದಲ್ಲಿ ನೀರಿನ ಕಾಲಂ ಒಂದು ಬಂದಿದೆ. ಒಬ್ಬ ಮುದುಕನ ಹೆಸರಿನಲ್ಲಿ ದಿನಕ್ಕೆ ನಲವತ್ತು ನಿಮಿಷ ನೀರಿದೆ. ಅವನು ಸತ್ತ ಹದಿಮೂರನೆಯ ದಿನ ಇಬ್ಬರು ಗಂಡುಮಕ್ಕಳು ಆ ನಲವತ್ತು ನಿಮಿಷವನ್ನು ಪಾಲು ಮಾಡಿಕೊಳ್ಳಲು ಹಿರಿಯರನ್ನು ಕರೆದು ಕೂಡಿಸುತ್ತಾರೆ. ಮದುವೆಯಾಗಿ ಹೋದ ಮಗಳು ಬಾಗಿಲ ಬಳಿ ನಿಂತಿದ್ದಾಳೆ. ಕಥೆ ಅಲ್ಲಿಗೆ ನಿಂತಿತ್ತು.

ಮುಗಿಸಿಲ್ಲವೇಕೆಂದು ಕೇಳಿದೆ. "ಅಕೀಗಿ ಪಾಲು ಕೊಟ್ಟಾರೋ ಇಲ್ಲೋ ನನಗ ತಿಳೀವಲ್ದು ಸರ್" ಎಂದಳು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂದು 2005ರ ತಿದ್ದುಪಡಿಯೇ ಹೇಳಿದೆಯಲ್ಲ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲದ ಕಾಗದಕ್ಕ ನಮ್ಮವ್ವ ಸಹಿ ಮಾಡಿ ಬಿಟ್ಟುಕೊಟ್ಟಾಳ್ರಿ" ಎಂದಳು. ಐವತ್ತು ವರ್ಷ ಆಚೆಗೆ ಕಣ್ಣು ಹಾಯಿಸಿದ್ದರಿಂದಲೇ ತನ್ನ ಮನೆಯ ಬಾಗಿಲಲ್ಲಿ ನಿಂತವಳು ಅವಳಿಗೆ ಕಂಡಳು. ಯಂತ್ರವಿಲ್ಲದ, ನಕ್ಷತ್ರವಿಲ್ಲದ, ಪಹಣಿಯ ಒಂದು ಕಾಲಂ ಮಾತ್ರ ಇರುವ ಈ ಕಥೆಯನ್ನು ವಿಜ್ಞಾನಕಥೆಯೆಂದು ಕರೆಯಲು ನನಗೆ ಸಂಕೋಚವಿಲ್ಲ.

ಅದು ಇನ್ನೂ ಮುಗಿದಿಲ್ಲ. ನಾನೂ ಒತ್ತಾಯಪಡಿಸಿಲ್ಲ. ಅವಳಾಡಿದ "ಕೊಟ್ಟಾರೋ" ಎಂಬ ಮಾತನ್ನು ಮರುದಿನ ಕರಿಹಲಗೆಯ ಮೇಲೆ ಬರೆದು, ಇದು ಸಂಭಾವನಾರ್ಥಕ, ಪ್ರಥಮಪುರುಷ, ಬಹುವಚನ ಎಂದು ತರಗತಿಗೆ ಹೇಳಿದೆ.